ಸ್ನೇಕ್ ಪ್ಲಾಂಟ್‌ಗೆ ಏನಾಗಿದೆ? ಬುಡದಿಂದ ಹೂವಿನ ತನಕ ದೋಷ ಹುಡುಕುವ ಬಗೆ

ಸ್ನೇಕ್ ಪ್ಲಾಂಟ್ ಕಾಯಿಲೆ ಬಿದ್ದಾಗ ನಾವೆಲ್ಲ ಮೊದಲು ನೋಡುವುದು ಎಲೆಯನ್ನು. ತುದಿ ಕಂದಾಗಿದೆ, ಎಲೆ ಬಾಗಿದೆ, ಹಳದಿ ಆಗಿದೆ ಅಂತ ಫೋಟೊ ತೆಗೆದು ಯಾರಿಗೋ ಕಳಿಸುತ್ತೇವೆ. ಒಬ್ಬರು "ನೀರು ಜಾಸ್ತಿ ಆಯ್ತು" ಅನ್ನುತ್ತಾರೆ, ಇನ್ನೊಬ್ಬರು "ನೀರು ಸಾಲ್ತಾ ಇಲ್ಲ" ಅನ್ನುತ್ತಾರೆ. ತಮಾಷೆ ಏನಂದ್ರೆ, ಬರೀ ಫೋಟೊ ನೋಡಿದರೆ ಎರಡೂ ನಿಜ ಅನ್ನಿಸುತ್ತದೆ. ಈ ಗಿಡದಲ್ಲಿ ತೊಂದರೆ ಶುರುವಾಗುವುದು ಮಣ್ಣೊಳಗೆ. ಅದು ಎಲೆಯಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ. ಹಾಗಾಗಿ ಇಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗೋಣ. ಮೊದಲು ಬುಡ, ಮಣ್ಣು, ಆಮೇಲೆ ಎಲೆ, ಕೊನೆಗೆ ಹೂ. ಹೌದು, ಹೂವೇ. ಇದು ಹೂ ಬಿಡುತ್ತದೆ, ಅದನ್ನು ಯಾವುದೋ ರೋಗ ಅಂದುಕೊಂಡು ಕತ್ತರಿಸಿ ಎಸೆಯುವವರೂ ಇದ್ದಾರೆ.

ಮೊದಲು ಇದರ ಸ್ವಭಾವ ತಿಳಿಯಲಿ

ಇದು ಪಶ್ಚಿಮ ಆಫ್ರಿಕಾದ ಗಿಡ, ನೈಜೀರಿಯಾದಿಂದ ಕಾಂಗೋ ಕಡೆಗೆ ಇದರ ತವರು. ಹಳೆಯ ಪುಸ್ತಕಗಳಲ್ಲಿ, ನರ್ಸರಿ ಚೀಟಿಗಳಲ್ಲಿ ಸ್ಯಾನ್ಸವೀರಿಯಾ ಅಂತಲೇ ಇರುತ್ತದೆ. 2017ರಲ್ಲಿ ಇದನ್ನು ಡ್ರಸೀನಾ ಟ್ರೈಫಾಸಿಯಾಟಾ ಎಂದು ಬದಲಾಯಿಸಿದರು. ಎರಡು ಹೆಸರಲ್ಲಿ ಎರಡು ಬೆಲೆ ಹೇಳಿದರೆ ಮೋಸ ಹೋಗಬೇಡಿ, ಗಿಡ ಒಂದೇ.

ದೋಷ ಹುಡುಕಲು ತಿಳಿದಿರಲೇಬೇಕಾದ ವಿಷಯ ಬೇರೆ ಇದೆ. ಹೆಚ್ಚಿನ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಗಾಳಿ ತೆಗೆದುಕೊಳ್ಳುತ್ತವೆ, ಆಗ ಜೊತೆಗೆ ನೀರೂ ಆವಿಯಾಗಿ ಹೋಗುತ್ತದೆ. ಸ್ನೇಕ್ ಪ್ಲಾಂಟ್ ಹಾಗಲ್ಲ. ರಾತ್ರಿ ತಂಪಾದ ಮೇಲೆ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಕೂಡಿಟ್ಟುಕೊಳ್ಳುತ್ತದೆ, ಹಗಲು ರಂಧ್ರ ಮುಚ್ಚಿ ಬೆಳಕಿನಲ್ಲಿ ಅದನ್ನು ಬಳಸುತ್ತದೆ. ಕಳ್ಳಿ, ಅನಾನಸ್ ಮಾಡುವುದೂ ಇದನ್ನೇ. ಇದರಿಂದ ಆಗುವುದೇನು? ಪಕ್ಕದ ದಾಸವಾಳ ಒಂದು ದಿನದಲ್ಲಿ ಕುಡಿದು ಮುಗಿಸುವ ನೀರು ಇದರ ಕುಂಡದಲ್ಲಿ ಎರಡು ವಾರ ಹಾಗೇ ನಿಂತಿರುತ್ತದೆ. ಬಾಲ್ಕನಿಯಲ್ಲಿ ಎಲ್ಲ ಗಿಡಕ್ಕೂ ಒಂದೇ ಸುತ್ತಿನಲ್ಲಿ ಪೈಪ್ ಹಿಡಿಯುವವರ ಮನೆಯಲ್ಲಿ ಮೊದಲು ಸಾಯುವುದು ಇದೇ.

ರಾತ್ರಿ ಆಮ್ಲಜನಕ ಕೊಡುತ್ತದೆ ಅಂತ ಮಲಗುವ ಕೋಣೆಯಲ್ಲಿ ಇಡುವವರಿಗೆ ಒಂದು ಮಾತು: ರಾತ್ರಿ ಅದು ಇಂಗಾಲದ ಡೈಆಕ್ಸೈಡ್ ಹೀರುತ್ತದೆ, ನಿಜ. ಆದರೆ ಆಮ್ಲಜನಕ ಹೊರಬರಲು ಬೆಳಕು ಬೇಕೇ ಬೇಕು. ಗಾಳಿ ಶುದ್ಧ ಮಾಡುವ ಕಥೆಗೆ ಮೂಲ 1989ರ ನಾಸಾ ವರದಿ. ಅದು ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ ಮಾಡಿದ ಪ್ರಯೋಗ. ಕಿಟಕಿ ತೆರೆದರೆ ಸಿಗುವಷ್ಟು ಲಾಭ ಗಿಡಗಳಿಂದ ಸಿಗಬೇಕಾದರೆ ಒಂದು ಚದರ ಮೀಟರ್ ಜಾಗಕ್ಕೆ 10ರಿಂದ 1,000 ಗಿಡ ಬೇಕು ಎಂದು 2019ರಲ್ಲಿ ಬಂದ ವಿಮರ್ಶೆ ಲೆಕ್ಕ ಹಾಕಿತ್ತು. ಚೆಂದ ಕಾಣುತ್ತೆ ಅಂತ ಇಡಿ, ಅಷ್ಟು ಸಾಕು.

ಕೈ ಹಾಕುವ ಮೊದಲು ಮೂರು ಪರೀಕ್ಷೆ

ಮಣ್ಣಿಗೆ ತಾಗಿದ ಕಡೆ ಎಲೆಯ ಬುಡವನ್ನು ಹೆಬ್ಬೆರಳು, ತೋರುಬೆರಳಿನಿಂದ ಒತ್ತಿ ನೋಡಿ. ಎಲ್ಲ ಎಲೆಗಳನ್ನೂ, ಒಂದೊಂದಾಗಿ. ಗಟ್ಟಿ ಇದ್ದರೆ ಒಳ್ಳೆಯದು. ಬೆಂದ ಬದನೆಕಾಯಿ ಥರ ಬೆರಳು ಒಳಗೆ ಹೋದರೆ ಕೊಳೆ ಶುರುವಾಗಿದೆ. ನಂತರ ಉರಿದು ಮುಗಿದ ಊದಿನಕಡ್ಡಿಯ ಕಡ್ಡಿ ತಗೊಂಡು ಕುಂಡದ ಅಂಚಿನಿಂದ ತಳದವರೆಗೆ ಚುಚ್ಚಿ, ಐದು ನಿಮಿಷ ಬಿಟ್ಟು ಎಳೆಯಿರಿ. ಮೇಲ್ಮಣ್ಣು ಪುಡಿ ಪುಡಿ ಒಣಗಿದ್ದರೂ ಕಡ್ಡಿಯ ತುದಿ ಒದ್ದೆಯಾಗಿ, ಮಣ್ಣು ಮೆತ್ತಿಕೊಂಡು ಬರುವುದನ್ನು ನೀವೇ ನೋಡುತ್ತೀರಿ, ಅದರಲ್ಲೂ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಇರುವ ಕುಂಡದಲ್ಲಿ. ಮೂರನೆಯದು, ಕುಂಡವನ್ನು ಎತ್ತಿ ನೋಡುವುದು. ಒಣಗಿದಾಗ ಎಷ್ಟು ಹಗುರ ಅನ್ನುವುದು ಕೈಗೆ ಅಭ್ಯಾಸವಾದರೆ ಮುಂದೆ ಕಡ್ಡಿಯೂ ಬೇಡ.

ಜೊತೆಗೆ ಕುಂಡದ ತಳ ನೋಡಿ. ತೂತು ಇದೆಯಾ? ಉಡುಗೊರೆಯಾಗಿ ಬರುವ ಪಿಂಗಾಣಿ ಕುಂಡಗಳಲ್ಲಿ ಎಷ್ಟೋ ಸಲ ತೂತೇ ಇರುವುದಿಲ್ಲ, ಮೇಲೆ ಬಣ್ಣದ ಕಲ್ಲು ಬೇರೆ ಹರಡಿರುತ್ತಾರೆ, ಒಳಗೆ ನೀರು ನಿಂತಿರುವುದು ಗೊತ್ತೇ ಆಗುವುದಿಲ್ಲ.

ಈ ಉತ್ತರಗಳು ಸಿಕ್ಕಿದ ಮೇಲೆ ಮುಂದಿನದನ್ನು ಓದಿ.

ಬುಡ ಮೆತ್ತಗಿದೆ, ಮಣ್ಣು ಒದ್ದೆ

ಇದು ಬೇರು ಕೊಳೆ. ಹಳದಿ ಎಲೆ, ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬರುವ ಎಲೆ, ಹುಳಿ ಹುಳಿ ಕೆಟ್ಟ ವಾಸನೆ, ಇವೆಲ್ಲ ಅದರದೇ ಗುರುತು. "ನೀರು ನಿಲ್ಲಿಸಿ ನೋಡೋಣ" ಅಂತ ಕಾಯುವ ಕಾಲ ಮುಗಿದಿದೆ. ಗಿಡವನ್ನು ಕುಂಡದಿಂದ ಹೊರಗೆ ತೆಗೆಯಲೇಬೇಕು.

ಕುಂಡವನ್ನು ಮಗ್ಗುಲಿಗೆ ಮಲಗಿಸಿ, ಸುತ್ತ ತಟ್ಟಿ, ಗಿಡವನ್ನು ಮಣ್ಣಿನ ಸಮೇತ ಜಾರಿಸಿ. ಮಣ್ಣು ಉದುರಿಸಿ, ಬೇಕಿದ್ದರೆ ನಲ್ಲಿ ನೀರಲ್ಲಿ ತೊಳೆಯಿರಿ. ಈಗ ಕಾಣುವ ದಪ್ಪ ಗೆಡ್ಡೆ, ಅದರಿಂದ ಹೊರಟ ಬೇರು, ಎರಡರ ಬಣ್ಣವನ್ನೂ ಸರಿಯಾಗಿ ನೋಡಿ. ಇಲ್ಲೇ ಬಹಳ ಜನ ತಪ್ಪುವುದು. ಸ್ನೇಕ್ ಪ್ಲಾಂಟ್‌ನ ಆರೋಗ್ಯವಾದ ಗೆಡ್ಡೆ ಬೆಳ್ಳಗೆ ಇರಬೇಕು ಅಂತೇನಿಲ್ಲ, ಅದು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ, ಬೇರುಗಳಲ್ಲೂ ಆ ಛಾಯೆ ಇರುತ್ತದೆ. ಇದನ್ನು ಕೊಳೆ ಅಂದುಕೊಂಡು ಒಳ್ಳೆ ಬೇರನ್ನೆಲ್ಲ ಕತ್ತರಿಸಬೇಡಿ. ಬಣ್ಣ ನಂಬಬೇಡಿ, ಗಟ್ಟಿತನ ನಂಬಿ. ಉಗುರಿನಿಂದ ಒತ್ತಿದಾಗ ಗಟ್ಟಿ ಇದ್ದರೆ ಅದು ಬದುಕಿದೆ. ಕೊಳೆತ ಬೇರು ಕಪ್ಪು ಕಂದು, ಎಳೆದರೆ ಸಿಪ್ಪೆ ಕಳಚಿ ಒಳಗಿನ ಸಣ್ಣ ದಾರ ಮಾತ್ರ ಉಳಿಯುತ್ತದೆ. ಕೊಳೆತ ಗೆಡ್ಡೆಯನ್ನು ಕತ್ತರಿಸಿದರೆ ಒಳಗೆ ಕಂದು ನೀರು.

ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ, ಒಳಗಿನ ಮೈ ಕಲೆ ಇಲ್ಲದೆ ಸ್ವಚ್ಛವಾಗಿ ಕಾಣುವ ತನಕ ಕತ್ತರಿಸುತ್ತಾ ಹೋಗಿ. ಒಂದು ಕಂದು ಗೆರೆ ಬಿಟ್ಟರೂ ಅಲ್ಲಿಂದಲೇ ಮತ್ತೆ ಶುರು. ಕತ್ತರಿಸಿದ ಜಾಗಕ್ಕೆ ಅರಿಶಿನ ಹಚ್ಚುವವರು ಹಚ್ಚಲಿ, ಆದರೆ ನಿಜವಾದ ಔಷಧ ಗಾಳಿ. ನೆರಳಿನಲ್ಲಿ ಪೇಪರ್ ಮೇಲೆ ಎರಡು ಮೂರು ದಿನ, ಮಳೆಗಾಲವಾದರೆ ನಾಲ್ಕೈದು ದಿನ ಒಣಗಲು ಬಿಡಿ. ಗಿಡ ಸಾಯುತ್ತೆ ಅನ್ನುವ ಭಯ ಬೇಡ, ಎಲೆಯಲ್ಲೇ ಬೇಕಾದಷ್ಟು ನೀರು ಇದೆ.

ಮತ್ತೆ ನೆಡುವ ಮಣ್ಣು ಬೇರೆಯಾಗಿರಬೇಕು. ಕೆಮ್ಮಣ್ಣು ಒಂದು ಪಾಲು, ಎರೆಹುಳು ಗೊಬ್ಬರ ಅಥವಾ ಎಲೆಗೊಬ್ಬರ ಒಂದು ಪಾಲು, ಉಳಿದ ಎರಡು ಪಾಲು ನೀರು ಹಿಡಿಯದ ಒರಟು ವಸ್ತು: ದಪ್ಪ ಮರಳು, ಇಟ್ಟಿಗೆ ಚೂರು, ಪರ್ಲೈಟ್, ಇದ್ದಿಲು, ಯಾವುದು ಸಿಗುತ್ತೋ ಅದು. ಎಂ-ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ದೂಳು ತೆಗೆಯಿರಿ, ಇಲ್ಲದಿದ್ದರೆ ಅದು ಮಣ್ಣನ್ನು ಸಿಮೆಂಟ್ ಮಾಡಿಬಿಡುತ್ತದೆ. ಕುಂಡ ಮಣ್ಣಿನದಾದರೆ ಇನ್ನೂ ಒಳ್ಳೆಯದು. ಅಳತೆ ಮಾತ್ರ ಗೆಡ್ಡೆಗಿಂತ ಎರಡು ಬೆರಳು ಅಗಲ ಇದ್ದರೆ ಸಾಕು. "ಬೆಳೆಯಲಿ ಪಾಪ" ಅಂತ ದೊಡ್ಡ ಕುಂಡಕ್ಕೆ ಹಾಕಿದರೆ, ಬೇರು ತಲುಪದ ಮಣ್ಣೆಲ್ಲ ಒದ್ದೆಯಾಗಿ ಉಳಿದು ಮತ್ತೆ ಕೊಳೆಗೆ ದಾರಿ. ನೆಟ್ಟು ಒಂದು ವಾರದ ಮೇಲೆ ಮೊದಲ ನೀರು.

ಗೆಡ್ಡೆ ಪೂರ್ತಿ ಹೋಗಿದ್ದರೆ? ಎಲೆಯ ಮೇಲಿನ ಭಾಗ ಗಟ್ಟಿ ಇದ್ದರೆ ಅದನ್ನು ಮೂರು ನಾಲ್ಕು ಇಂಚಿನ ತುಂಡುಗಳಾಗಿ ಕತ್ತರಿಸಿ, ಒಣಗಿಸಿ, ನೆಡಿ. ಯಾವುದು ಕೆಳಗಿನ ತುದಿ ಅಂತ ಗುರುತು ಹಾಕಿಕೊಳ್ಳಿ. ತಲೆಕೆಳಗೆ ನೆಟ್ಟ ತುಂಡು ಬೇರು ಬಿಡುವುದಿಲ್ಲ. ತಿಂಗಳುಗಟ್ಟಲೆ ತಾಳ್ಮೆ ಬೇಕು, ಬೇರು ಬಂದ ಮೇಲೂ ಮರಿ ಕಾಣಲು ಇನ್ನಷ್ಟು ಸಮಯ. ಹಳದಿ ಅಂಚಿನ ಲಾರೆಂಟಿ ಜಾತಿಯಲ್ಲಿ ಒಂದು ಎಡವಟ್ಟಿದೆ: ಎಲೆ ತುಂಡಿನಿಂದ ಬರುವ ಮರಿಗೆ ಹಳದಿ ಅಂಚು ಇರುವುದಿಲ್ಲ, ಬರೀ ಹಸಿರು. ಅದು ದೋಷ ಅಲ್ಲ. ಹಳದಿ ಬೇಕೆಂದರೆ ಗೆಡ್ಡೆ ಸಮೇತ ಮರಿಯನ್ನೇ ಬೇರ್ಪಡಿಸಬೇಕು.

ಗೂಡಿನ ಆಕಾರದ, 'ಹಾನಿ' (Hahnii) ಎಂಬ ಹೆಸರಿನ ಗಿಡ್ಡ ಜಾತಿಗೆ ಇನ್ನೊಂದು ಸಮಸ್ಯೆ. ಮಣ್ಣು ಸರಿ ಇದ್ದರೂ ನಡು ಕೊಳೆಯುತ್ತದೆ, ಯಾಕೆಂದರೆ ಮೇಲಿಂದ ಸುರಿದ ನೀರು ಎಲೆಗಳ ಬಟ್ಟಲಲ್ಲಿ ನಿಲ್ಲುತ್ತದೆ. ಅದಕ್ಕೆ ನೀರು ಅಂಚಿನಿಂದ ಹಾಕಿ, ಮಳೆಗೆ ಒಡ್ಡಬೇಡಿ.

ಬುಡ ಗಟ್ಟಿ, ಎಲೆ ಮಾತ್ರ ಸುಕ್ಕು

ಎಲೆ ಉದ್ದುದ್ದಕ್ಕೆ ಸುಕ್ಕಾಗಿ ಒಳಗೆ ಮಡಿಚಿಕೊಂಡಿದೆ, ಮುಟ್ಟಿದರೆ ತೆಳ್ಳಗೆ ಅನ್ನಿಸುತ್ತಿದೆ. ಕಡ್ಡಿ ಒಣಗಿ ಬಂತಾ? ಹಾಗಾದರೆ ನೀರು ಬೇಕು, ಅಷ್ಟೇ. ಆದರೆ ತೀರಾ ಒಣಗಿದ ಕೊಕೊಪೀಟ್ ನೀರನ್ನು ಒಳಗೆ ಬಿಡುವುದಿಲ್ಲ. ಹಾಕಿದ ನೀರು ಕುಂಡದ ಗೋಡೆಗುಂಟ ಇಳಿದು ತೂತಿನಿಂದ ಹೊರಗೆ ಬರುತ್ತದೆ, ನೀವು "ಚೆನ್ನಾಗಿ ಕುಡೀತು" ಅಂದುಕೊಳ್ಳುತ್ತೀರಿ. ಕುಂಡವನ್ನು ಬಕೆಟ್ ನೀರಲ್ಲಿ ಅರ್ಧ ಗಂಟೆ ಇಟ್ಟು, ಹೊರತೆಗೆದು ಪೂರ್ತಿ ಬಸಿಯಲು ಬಿಡಿ. ಒಂದೆರಡು ವಾರದಲ್ಲಿ ಎಲೆ ತುಂಬಿಕೊಳ್ಳುತ್ತದೆ.

ಕಡ್ಡಿ ಒದ್ದೆಯಾಗಿ ಬಂದು ಎಲೆ ಮಾತ್ರ ಸುಕ್ಕಾಗಿದ್ದರೆ ಎಚ್ಚರ. ನೀರು ಇದೆ, ಕುಡಿಯುವ ಬೇರು ಇಲ್ಲ ಅಂತ ಅರ್ಥ. ಬುಡ ಇನ್ನೂ ಗಟ್ಟಿ ಇದೆ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ, ಗಿಡ ಹೊರಗೆ ತೆಗೆದು ಬೇರು ನೋಡಿ. ಫೋಟೊದಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ. ಮೊದಲೇ ಹೇಳಿದ ಜಗಳ ಹುಟ್ಟುವುದು ಇಲ್ಲೇ.

ನೀರು ಎಷ್ಟು ದಿನಕ್ಕೊಮ್ಮೆ ಅಂತ ಕೇಳುವವರಿಗೆ ಅಂದಾಜು ಹೇಳಬಹುದು: ಬೆಂಗಳೂರು, ಮೈಸೂರಿನ ಬೇಸಿಗೆಯಲ್ಲಿ ಬೆಳಕಿರುವ ಬಾಲ್ಕನಿಯಲ್ಲಿ 10–15 ದಿನ, ಮನೆಯೊಳಗಾದರೆ ಇನ್ನೂ ತಡ, ಜಡಿಮಳೆಯ ತಿಂಗಳಲ್ಲಿ ಬೇಡವೇ ಬೇಡ ಅನ್ನುವಷ್ಟು. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್ ತನಕ ಕುಂಡವನ್ನು ಮಾಡಿನ ಕೆಳಗೆ ಸರಿಸಿದರೆ ಅರ್ಧ ಕಷ್ಟ ತಪ್ಪಿತು. ಕೊನೆಗೂ ದಿನದ ಲೆಕ್ಕಕ್ಕಿಂತ ಕಡ್ಡಿಯ ಮಾತೇ ಮೇಲು.

ತುದಿ ಒಣಗಿ ಕಂದಾಗುವುದು

ಬುಡವೂ ಸರಿ, ಮಣ್ಣೂ ಸರಿ, ತುದಿ ಮಾತ್ರ ಗರಿಗರಿ ಒಣಗುತ್ತಿದೆ ಅಂದರೆ ನೀರಿನ ಗುಣ ನೋಡಿ. ಕುಂಡದ ಅಂಚಲ್ಲಿ, ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದೆಯಾ? ಅದು ಉಪ್ಪು. ಬೋರ್‌ವೆಲ್‌ನ ಗಡಸು ನೀರಿನಿಂದ ಬಂದಿರಬಹುದು, ರಾಸಾಯನಿಕ ಗೊಬ್ಬರ ಹೆಚ್ಚಾಗಿಯೂ ಬಂದಿರಬಹುದು.

ನಗರದ ಮನೆಗಳಲ್ಲಿ ಇನ್ನೊಂದು ಕಾರಣ ಆರ್‌ಒ ಯಂತ್ರದಿಂದ ಹೊರಬರುವ ತ್ಯಾಜ್ಯ ನೀರು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಬರ ಬಂದು, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ವಾ, ಅಂಥ ಹೊತ್ತಲ್ಲಿ ಈ ನೀರನ್ನು ಗಿಡಕ್ಕೆ ಹಾಕುವುದು ಸಹಜ. ಆದರೆ ನೀರಿನಲ್ಲಿದ್ದ ಲವಣವೆಲ್ಲ ಗಟ್ಟಿಯಾಗಿ ಸೇರುವುದು ಅದರಲ್ಲೇ. ನೆಲ ಒರೆಸಲು, ಬಾತ್‌ರೂಮಿಗೆ ಬಳಸಿ. ಸ್ನೇಕ್ ಪ್ಲಾಂಟ್ ಕೇಳುವ ನೀರೇ ಕಡಿಮೆ, ಅಕ್ಕಿ ಮೊದಲ ಸಲ ತೊಳೆದ ಮೇಲೆ ಎರಡನೇ ಸಲ ತೊಳೆದ ನೀರೋ, ಹಿಡಿದಿಟ್ಟ ಮಳೆನೀರೋ ಅದಕ್ಕೆ ಸಾಕು.

ಉಪ್ಪು ಕಟ್ಟಿದ ಕುಂಡಕ್ಕೆ ಒಮ್ಮೆ ಮಳೆನೀರನ್ನು ತಳದಿಂದ ಧಾರಾಳ ಹರಿಯುವಷ್ಟು ಹಾಕಿ ತೊಳೆಯಿರಿ, ಆಮೇಲೆ ಪೂರ್ತಿ ಒಣಗಲಿ. ಒಣಗಿದ ತುದಿ ಮತ್ತೆ ಹಸಿರಾಗುವುದಿಲ್ಲ. ಎಲೆ ಬೆಳೆಯುವುದು ಬುಡದಿಂದ, ಹಾಗಾಗಿ ತುದಿ ಕತ್ತರಿಸಿದರೆ ಹೊಸ ತುದಿಯೂ ಬರುವುದಿಲ್ಲ. ನೋಡಲಾಗದಿದ್ದರೆ ಎಲೆಯ ಆಕಾರಕ್ಕೆ ಓರೆಯಾಗಿ ಕತ್ತರಿಸಿ, ಒಣಗಿದ ಅಂಚನ್ನು ಒಂದು ಕೂದಲೆಳೆಯಷ್ಟು ಉಳಿಸಿ.

ನೆಟ್ಟಗಿದ್ದ ಎಲೆ ಹೊರಗೆ ಬೀಳುತ್ತಿದೆ

ಬೆಳಕು ಕಡಿಮೆ ಆಗಿರುವುದೇ ಸಾಮಾನ್ಯ ಕಾರಣ. "ಕತ್ತಲಲ್ಲೂ ಬೆಳೆಯುತ್ತೆ" ಅಂತ ಮಾರುತ್ತಾರೆ, ಅದು ಅರ್ಧ ಸುಳ್ಳು. ಕತ್ತಲಲ್ಲಿ ಸಾಯದೆ ಬಹಳ ದಿನ ತಡೆದುಕೊಳ್ಳುತ್ತದೆ, ಅದನ್ನು ಬೆಳೆಯುವುದು ಅನ್ನಲಾಗದು. ಹೊಸ ಎಲೆ ಹಳೆಯದಕ್ಕಿಂತ ಕಿರಿದಾಗಿ, ಬಣ್ಣಗೆಟ್ಟು, ಉದ್ದಕ್ಕೆ ಜೋಲಾಡುತ್ತಿದ್ದರೆ ಪೂರ್ವದ ಕಿಟಕಿ ಬದಿಗೆ ತನ್ನಿ. ಒಂದೇ ಏಟಿಗೆ ತಾರಸಿಯ ಬಿಸಿಲಿಗೆ ಮಾತ್ರ ಬೇಡ. ಕೋಣೆಯಲ್ಲಿದ್ದ ಗಿಡವನ್ನು ಏಪ್ರಿಲ್ ಬಿಸಿಲಿಗೆ ಇಟ್ಟರೆ ಎಲೆ ಮೇಲೆ ಬಿಳಿಚಿಕೊಂಡ, ಕಾಗದದಂತೆ ಒಣಗಿದ ತೇಪೆ ಬೀಳುತ್ತದೆ, ಅದು ಹೋಗುವುದೇ ಇಲ್ಲ.

ಇನ್ನೊಂದು ಕಾರಣ, ಮರಿಗಳು ತುಂಬಿ ಒಂದನ್ನೊಂದು ತಳ್ಳುವುದು. ಅದು ಆರೋಗ್ಯದ ಲಕ್ಷಣ. ಹಗ್ಗ ಕಟ್ಟಿ ನಿಲ್ಲಿಸಿ, ಅಥವಾ ಪಾಲು ಮಾಡಿ ನೆಡಿ. ಎಲೆಯೊಳಗೆ ಉದ್ದಕ್ಕೂ ಗಟ್ಟಿ ನಾರು ಇದೆ. ನಮ್ಮ ದೇಶದಲ್ಲೇ ಬೆಳೆಯುವ ಇದರ ನೆಂಟ ರಾಕ್ಸ್‌ಬರ್ಗಿಯಾನಾ ಜಾತಿಯ ನಾರನ್ನು ಹಿಂದೆ ಬಿಲ್ಲಿನ ಹೆದೆಗೆ ಬಳಸುತ್ತಿದ್ದರು. ಆ ನಾರಿನಿಂದಾಗಿಯೇ ಬಾಗಿದ ಎಲೆ ತಟ್ಟನೆ ಮುರಿಯದೆ ಮಡಿಚಿಕೊಂಡು ಇರುತ್ತದೆ. ಒಮ್ಮೆ ಮಡಿಕೆ ಬಿದ್ದ ಜಾಗ ಮತ್ತೆ ನೆಟ್ಟಗಾಗುವುದಿಲ್ಲ, ಅದನ್ನು ಎಲೆ ತುಂಡು ನೆಡಲು ಬಳಸಿಕೊಳ್ಳಿ.

ಅಮೆರಿಕ, ಇಂಗ್ಲೆಂಡ್ ಕಡೆ ಇರುವ ನಮ್ಮವರು ಚಳಿಗಾಲದಲ್ಲಿ ಕಿಟಕಿ ಗಾಜಿಗೆ ತಾಗುವಂತೆ ಇಡಬೇಡಿ. 10 ಡಿಗ್ರಿಗಿಂತ ಕೆಳಗೆ ಹೋದರೆ ಎಲೆ ನೀರು ನೀರಾಗಿ ಕುಸಿಯುತ್ತದೆ, ನೋಡಲು ಕೊಳೆ ಥರವೇ ಇರುತ್ತದೆ.

ಕಲೆ, ಹುಳ, ಗುಂಗುರು

ಮಳೆಗಾಲದಲ್ಲಿ ಎಲೆ ಮೇಲೆ ದುಂಡಗೆ ನೀರುಗಾಯದಂಥ ಕಲೆ ಎದ್ದು, ದೊಡ್ಡದಾಗುತ್ತಾ, ನಡುವೆ ಸಣ್ಣ ಕಪ್ಪು ಚುಕ್ಕಿಗಳು ಕಂಡರೆ ಅದು ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ ಇರಬಹುದು. ಆ ಎಲೆಯನ್ನು ಬುಡದಿಂದ ಕತ್ತರಿಸಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಉಳಿದ ಎಲೆಗೆ ನೀರು ಸೋಕಿಸಬೇಡಿ. ಹರಡುತ್ತಲೇ ಇದ್ದರೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕವನ್ನು ಲೀಟರ್ ನೀರಿಗೆ 3 ಗ್ರಾಂ ಬೆರೆಸಿ ಸಿಂಪಡಿಸಿ. ಅಂಚು ಹರಿದು ತಿಂದಂತಿದ್ದು, ಬೆಳಗ್ಗೆ ಮಿರಿಮಿರಿ ಮಿಂಚುವ ಗೆರೆ ಕಂಡರೆ ಬಸವನಹುಳು, ರಾತ್ರಿ ಟಾರ್ಚ್ ಹಿಡಿದು ಆರಿಸಿ.

ಎಲೆಯ ಬುಡದ ಸಂದಿಯಲ್ಲಿ ಬಿಳಿ ಹತ್ತಿ ಅಂಟಿದಂತಿದ್ದರೆ ಹಿಟ್ಟು ತಿಗಣೆ. ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ, ವಾರ ಬಿಟ್ಟು ಮತ್ತೆ ಒರೆಸಿ, ಯಾಕೆಂದರೆ ಮೊಟ್ಟೆ ಉಳಿದಿರುತ್ತದೆ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊಡೆದರೂ ಆದೀತು. ಎಲೆ ಮಂಕಾಗಿ, ಸೂಜಿ ಚುಚ್ಚಿದಂಥ ಬಿಳಿ ಚುಕ್ಕಿ, ಸಣ್ಣ ಬಲೆ ಕಂಡರೆ ನುಸಿ. ಒದ್ದೆ ಬಟ್ಟೆಯಲ್ಲಿ ಎರಡೂ ಬದಿ ಒರೆಸಿದರೆ ಹೆಚ್ಚಿನದು ಹೋಗುತ್ತದೆ. ಹೊಳಪಿಗೆ ಕೊಬ್ಬರಿ ಎಣ್ಣೆ ಹಚ್ಚುವವರು ದಯವಿಟ್ಟು ನಿಲ್ಲಿಸಿ, ರಂಧ್ರ ಮುಚ್ಚಿಹೋಗಿ ದೂಳು ಕೂರುತ್ತದೆ, ಇನ್ನೇನೂ ಆಗಲ್ಲ. ಕುಂಡದ ಮೇಲೆ ಗುಂಗುರು ಹಾರುತ್ತಿದ್ದರೆ ಮಣ್ಣು ಹಸಿಯಾಗಿದೆ ಅಂತಲೇ ಲೆಕ್ಕ, ಮೇಲೆ ಹೋಗಿ ಕೊಳೆಯ ಭಾಗ ಇನ್ನೊಮ್ಮೆ ಓದಿ.

ಎಲೆಗಳ ನಡುವಿಂದ ಏನೋ ಕಡ್ಡಿ ಬಂದಿದೆ!

ಇಲ್ಲಿಗೆ ಬಂದಿರಿ ಅಂದರೆ ಸಂತೋಷ ಪಡಿ. ಮೊದಲು ಅದು ಮರಿಯೋ ಹೂದಂಡೋ ನೋಡೋಣ. ಮರಿ ಮಣ್ಣಿನಿಂದ ಏಳುತ್ತದೆ, ಸಾಮಾನ್ಯವಾಗಿ ಕುಂಡದ ಅಂಚಿನ ಹತ್ತಿರ. ಅದು ದಪ್ಪ, ಮೊನಚು, ಸುರುಳಿ ಸುತ್ತಿದ ಎಲೆಯ ಕೋನ. ಹೂದಂಡು ಬರುವುದು ಬಲಿತ ಎಲೆಗಳ ಗುಂಪಿನ ನಡುವಿನಿಂದ. ತೆಳ್ಳಗೆ, ನೆಟ್ಟಗೆ, ತಿಳಿಹಸಿರು, ಒಂದು ವಾರದಲ್ಲಿ ಅದರ ಸುತ್ತ ಅಕ್ಕಿಕಾಳಿನಂಥ ಮೊಗ್ಗುಗಳು ಗುಂಪು ಗುಂಪಾಗಿ ಕಾಣಿಸುತ್ತವೆ. ಎಲೆಯಷ್ಟೇ ಎತ್ತರಕ್ಕೆ, ಕೆಲವೊಮ್ಮೆ ಎರಡೂವರೆ ಅಡಿವರೆಗೂ ಬೆಳೆಯುತ್ತದೆ.

"ಹೂ ಬಿಟ್ಟರೆ ಗಿಡ ಸಾಯುತ್ತೆ" ಅನ್ನುವ ಭಯ ನಮ್ಮಲ್ಲಿ ಸುಮ್ನೆ ಹುಟ್ಟಿದ್ದಲ್ಲ. ಕತ್ತಾಳೆ ಒಮ್ಮೆ ಹೂದಂಡು ಎತ್ತಿದರೆ ಮುಗೀತು, ಬಾಳೆಯೂ ಗೊನೆ ಬಿಟ್ಟರೆ ಕಡಿಯಲೇಬೇಕು, ಬಿದಿರು ಹೂ ಬಿಟ್ಟರೆ ಬರಗಾಲ ಅಂತಲೇ ಹಿರಿಯರು ಹೇಳುತ್ತಿದ್ದರು. ಸ್ನೇಕ್ ಪ್ಲಾಂಟ್ ನೋಡಲು ಕತ್ತಾಳೆ ಥರ ಇರುವುದರಿಂದ ಅದೇ ಲೆಕ್ಕ ಇದಕ್ಕೂ ಹಾಕುತ್ತಾರೆ. ಇಲ್ಲಿ ನಡೆಯುವುದು ಬೇರೆ. ಹೂ ಬಿಟ್ಟ ಆ ಒಂದು ಎಲೆಗುಂಪಿನ ನಡುವಿನಿಂದ ಮತ್ತೆ ಹೊಸ ಎಲೆ ಬರುವುದಿಲ್ಲ, ಅದರ ಬೆಳೆಯುವ ತುದಿಯೇ ಹೂವಾಗಿ ಮುಗಿಯಿತು. ಆದರೆ ಇರುವ ಎಲೆಗಳು ವರ್ಷಗಟ್ಟಲೆ ಹಸಿರಾಗಿರುತ್ತವೆ, ಗೆಡ್ಡೆ ಪಕ್ಕದಿಂದ ಮರಿ ಕಳಿಸುತ್ತಲೇ ಇರುತ್ತದೆ. ಹೂ ಬಿಟ್ಟ ಮೇಲೆ "ಬೆಳವಣಿಗೆ ನಿಂತಿದೆ" ಅಂತ ಗೊಬ್ಬರ ಸುರಿಯುವವರು ನೋಡಬೇಕಾದ್ದು ನಡುವನ್ನಲ್ಲ, ಕುಂಡದ ಅಂಚನ್ನು.

ವರ್ಷಗಳಾದರೂ ಹೂ ಇಲ್ಲ

ಬೆಳಕು, ವಯಸ್ಸು, ಇಕ್ಕಟ್ಟು, ಈ ಮೂರನ್ನು ನೋಡಿ. ಎಳೆ ಗಿಡ, ಈಚೆಗೆ ಪಾಲು ಮಾಡಿದ ಗಿಡ ಬಿಡುವುದಿಲ್ಲ. ಸೋಫಾ ಪಕ್ಕದ ಮೂಲೆಯಲ್ಲಿರುವುದೂ ಬಿಡುವುದಿಲ್ಲ. ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ, ಉಳಿದ ಹೊತ್ತು ಒಳ್ಳೆ ಬೆಳಕು ಇರುವ ಕಡೆ, ಬೇರು ಕುಂಡ ತುಂಬಿ ತೂತಿನಿಂದ ಇಣುಕುವಷ್ಟು ಇಕ್ಕಟ್ಟಾಗಿ ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಗಿಡ ಹೂ ಬಿಡುತ್ತದೆ. ಅಜ್ಜಿ ಮನೆಯ ಕಾಂಪೌಂಡ್ ಪಕ್ಕ, ಹಳೆಯ ಸರ್ಕಾರಿ ಕಟ್ಟಡದ ಮೆಟ್ಟಿಲ ಬಳಿ ಯಾರೂ ನೋಡಿಕೊಳ್ಳದ ಗಿಡಗಳು ಹೂ ಬಿಡುವುದು, ಡ್ರಾಯಿಂಗ್ ರೂಮಿನಲ್ಲಿ ಮುದ್ದು ಮಾಡಿದ್ದು ಬಿಡದಿರುವುದು ಇದಕ್ಕೇ. ಇಂಥದ್ದೇ ತಿಂಗಳು ಅಂತ ನಿಯಮ ಇಲ್ಲ. ಹೂವಿಗಾಗಿ ಗೊಬ್ಬರದ ಡಬ್ಬಿ ಕೊಳ್ಳುವುದು ದಂಡ, ಸಾರಜನಕ ಜಾಸ್ತಿಯಾದರೆ ಎಲೆ ಮೆತ್ತಗಾಗುತ್ತದೆ ಅಷ್ಟೇ.

ಒಂದು ಎಚ್ಚರಿಕೆ: ಇಕ್ಕಟ್ಟು ಒಳ್ಳೆಯದು ಅಂತ ಪ್ಲಾಸ್ಟಿಕ್ ಕುಂಡ ಉಬ್ಬಿ ಸೀಳುವ ತನಕ ಬಿಡಬೇಡಿ. ಕುಂಡ ಒಡೆಯುವಷ್ಟು ಶಕ್ತಿ ಆ ಗೆಡ್ಡೆಗಿದೆ.

ಹೂ ಬಂದ ಮೇಲಿನ ದೂರುಗಳು

"ಹೂ ಅರಳ್ತಾನೇ ಇಲ್ಲ, ಬಾಡಿದ ಹಾಗೇ ಇದೆ." ನೀವು ನೋಡುತ್ತಿರುವುದು ಹಗಲಲ್ಲಿ. ರಾತ್ರಿ ಎಂಟು ಗಂಟೆ ಹೊತ್ತಿಗೆ ಹೋಗಿ. ಕಡ್ಡಿಯಂತಿದ್ದ ಮೊಗ್ಗು ಬಿರಿದು ಆರು ಸಪೂರ ಎಸಳುಗಳು ಹಿಂದಕ್ಕೆ ಸುರುಳಿ ಸುತ್ತಿಕೊಂಡಿರುತ್ತವೆ, ನಡುವಿನಿಂದ ಆರು ಕೇಸರಗಳು ಮೀಸೆಯಂತೆ ಹೊರಚಾಚಿರುತ್ತವೆ. ಬಣ್ಣ ಹಸಿರು ಬೆರೆತ ಕೆನೆಬಿಳಿ. ಪರಿಮಳ ಗಾಢ, ಮುಚ್ಚಿದ ಕೋಣೆಯಲ್ಲಾದರೆ ಕೆಲವರಿಗೆ ತಲೆನೋವು ತರುವಷ್ಟು. ರಾತ್ರಿ ಹಾರುವ ಪತಂಗಗಳನ್ನು ಕರೆಯಲು ಇಷ್ಟೆಲ್ಲ ಏರ್ಪಾಡು, ಅದಕ್ಕೇ ಹಗಲು ಬಾಗಿಲು ಮುಚ್ಚಿರುತ್ತದೆ. ಕೆಳಗಿನ ಹೂ ಮೊದಲು, ಮೇಲಿನದು ಕೊನೆಗೆ, ಹೀಗಾಗಿ ಒಂದೊಂದು ಹೂ ಬೇಗ ಬಾಡಿದರೂ ದಂಡು ಹಲವು ದಿನ ಉಳಿಯುತ್ತದೆ.

"ದಂಡಿನ ಮೇಲೆ ಅಂಟು ಅಂಟು ಹನಿ, ಇರುವೆ ಸಾಲು, ನೆಲವೂ ಅಂಟು." ಹಿಟ್ಟು ತಿಗಣೆ ಅಂದುಕೊಂಡು ಸ್ಪ್ರೇ ಹೊಡೆಯುವ ಮೊದಲು ಟಾರ್ಚ್ ಬಿಟ್ಟು ನೋಡಿ. ಹನಿ ಹೂವಿನ ತೊಟ್ಟಿನ ಬುಡದಲ್ಲಿ ಗಾಜಿನ ಮಣಿಯಂತೆ ಪಾರದರ್ಶಕವಾಗಿ ಕೂತಿದ್ದರೆ ಅದು ಮಕರಂದ, ನಾಲಿಗೆಗೆ ಸಿಹಿ. ಅಂಟು ಎಲೆಯ ಮೇಲೆ ಹರಡಿದ್ದು, ಬಿಳಿ ಹತ್ತಿ ಅಥವಾ ಕಪ್ಪು ಮಸಿ ಜೊತೆಗಿದ್ದರೆ ಮಾತ್ರ ಕೀಟ. ಮಕರಂದವಾದರೆ ಕೆಳಗೆ ಹಳೆ ಪೇಪರ್ ಹಾಸಿ, ಇರುವೆಗೆ ಕುಂಡವನ್ನು ನೀರಿನ ತಟ್ಟೆಯೊಳಗೆ ಇಟ್ಟಿಗೆ ತುಂಡಿನ ಮೇಲೆ ಇಡಿ, ನೀರು ತಳದ ತೂತಿಗೆ ತಾಗದಂತೆ. ಹೂವಿಗೆ ಬೇವಿನೆಣ್ಣೆ ಹೊಡೆಯಬೇಡಿ.

"ಮೊಗ್ಗು ಬಂತು, ಅರಳುವ ಮೊದಲೇ ಉದುರಿತು." ಮೊಗ್ಗು ಕಂಡ ಖುಷಿಗೆ ಕುಂಡವನ್ನು ಹಾಲ್‌ಗೆ ತಂದು ಏಸಿ ಎದುರು ಇಟ್ಟಿರಾ? ಕಾರಣ ಅದೇ. ಮೊಗ್ಗಿದ್ದಾಗ ಜಾಗ ಬದಲಿಸಬೇಡಿ, ಮಣ್ಣು ತೀರಾ ಒಣಗಲು ಬಿಡಬೇಡಿ, ಕುಂಡ ಬದಲಿಸುವ ಕೆಲಸವಂತೂ ಬೇಡ.

"ಕಾಯಿ ಆಗುತ್ತಾ?" ಹೊರಗಿದ್ದು ಪತಂಗ ಬಂದರೆ ಆಗಬಹುದು, ಬಟಾಣಿ ಗಾತ್ರದ ಹಸಿರು ಕಾಯಿ ಕಿತ್ತಳೆ ಬಣ್ಣಕ್ಕೆ ಹಣ್ಣಾಗುತ್ತದೆ. ತಿನ್ನುವ ವಸ್ತುವಲ್ಲ. ಗಿಡದ ಎಲ್ಲ ಭಾಗದಲ್ಲೂ ಸಪೋನಿನ್ ಎಂಬ ವಿಷವಸ್ತು ಇದೆ, ಬೆಕ್ಕು ನಾಯಿ ಕಚ್ಚಿದರೆ ವಾಂತಿ ಭೇದಿ ಆಗುತ್ತದೆ, ಸಣ್ಣ ಮಕ್ಕಳ ಕೈಗೂ ಎಟುಕದಂತೆ ಇಡಿ.

ಕಾಯಿ ಬೇಡದಿದ್ದರೆ ಹೂವೆಲ್ಲ ಬಾಡಿದ ಮೇಲೆ ದಂಡನ್ನು ಎಷ್ಟು ಕೆಳಗೆ ಸಾಧ್ಯವೋ ಅಷ್ಟು ಕೆಳಗೆ ಕತ್ತರಿಸಿ. ಎಳೆಯಬೇಡಿ, ಎಳೆದರೆ ನಡುವೆ ಗಾಯವಾಗಿ ನೀರು ಇಳಿಯುತ್ತದೆ. ಉಳಿದ ಮೋಟು ತಾನಾಗಿ ಒಣಗಿ ಸುಲಭವಾಗಿ ಕಳಚುತ್ತದೆ. ಮರಿಗಳನ್ನು ಬೇರ್ಪಡಿಸುವ ಆಸೆ ಇದ್ದರೆ ಅವು ಅರ್ಧ ಅಡಿ ಎತ್ತರಕ್ಕೆ ಬಂದು, ಸ್ವಂತ ಬೇರು ಬಿಟ್ಟ ಮೇಲೆ ಮಾಡಿ. ಮುಂದಿನ ಹೂವೂ ಬೇಕು ಅನ್ನುವವರು ಅದನ್ನೂ ಮಾಡದೆ ಹಾಗೇ ಬಿಡಿ.